ಐದಕ್ಷರದ ಬೋರ್ಡು

ಗೋಣಿಚೀಲ ಬಗ್ಗಿಸಿದೆ. ಠಣಠಣ ಬಿದ್ದವು
ಹನ್ನೆರಡು ತಗಡಿನ ಅಕ್ಷರ, ಒಂದೊಂದೂ ಅಡಿ ಎತ್ತರ.
ಕೆಂಪು ಬಣ್ಣ ಎದ್ದುಹೋದ ಕಡೆಯೆಲ್ಲ ತುಕ್ಕು,
ಒಂದು ಓ ಬೆನ್ನಿನ ಹಳ್ಳದಲ್ಲಿ
ಕಣಜ ಕಟ್ಟಿದ ಮಣ್ಣಿನ ಗೂಡು.
"ಹೊಸದು ಕತ್ತರಿಸಿದರೆ ಅಕ್ಷರಕ್ಕೆ ಆರುನೂರು,
ಇವು ನೂರಕ್ಕೊಂದು," ಅಂದೆ.
ಪರ್ಸು ತೆರೆಯದೆಯೇ ದೇಚಮ್ಮ ಅಂದರು: "ಐದು."

ವಿರಾಜಪೇಟೆಯ ಗಡಿಯಾರ ಕಂಬದಾಚೆ, ಇಳಿಜಾರಿನಲ್ಲಿ
ಅವರ ಹೊಸ ಮಳಿಗೆ. ಐದಡಿ ಅಗಲ.
ಕಾಫಿ ಹುರಿದು ಪುಡಿ ಮಾಡಿ ಮಾರುವುದು.
ಇಂಗ್ಲಿಷೇ ಬೇಕು, ಐದೇ ಅಕ್ಷರ,
ಅದರಲ್ಲಿ ಆರ್ ಇರಲೇಬೇಕು, ಎ ಇರಲೇಬೇಕು:
ಮೈಸೂರಿನ ಜ್ಯೋತಿಷಿ ಫೋನಿನಲ್ಲೇ ಹೇಳಿದ್ದಾನಂತೆ.

ನಾನು ಏಳನೇ ಕ್ಲಾಸು. ಇಂಗ್ಲಿಷು ಓದಿದ್ದು ಕಡಿಮೆ, ಹೊತ್ತದ್ದು ಜಾಸ್ತಿ.
ಏಣಿಯ ಮೇಲೆ ನಿಂತವನಿಗೆ ಪದ ಕಾಣುವುದಿಲ್ಲ,
ಒಂದು ಅಕ್ಷರದ ಬೆನ್ನು ಕಾಣುತ್ತದೆ, ಅದರ ಮೊಳೆ ಕಾಣುತ್ತದೆ.
ಎಂ ಭಾರ. ಎಲ್ ಗಾಳಿಗೆ ತಿರುಗಿಬಿಡುತ್ತದೆ.
ನಮ್ಮ ಕನ್ನಡದ್ದಾದರೆ ಒತ್ತು, ದೀರ್ಘ, ಕೊಂಬು,
ಒಂದನ್ನು ಕಿತ್ತರೆ ಪಕ್ಕದ್ದೂ ಅಳುತ್ತದೆ.
ಇವು ಬಾಡಿಗೆ ಮನೆಯವರ ಹಾಗೆ,
ಯಾರ ಪಕ್ಕ ಕೂರಿಸಿದರೂ ಕೂರುತ್ತವೆ.

ಊಟದ ಡಬ್ಬಿ ತಂದ ಮಗಳು ಸುಹರಾ
ಚಪ್ಪಲಿ ಬಿಟ್ಟು ಅಕ್ಷರಗಳ ನಡುವೆ ಕೂತಳು.
ಟೋಸ್ಟ್? ಎರಡು ಟೀ ಬೇಕು, ಇರುವುದು ಒಂದೇ.
"ಕಾಫಿ ಅಂಗಡಿಗೆ ಟೀ ಯಾಕೆ?" ಅಂದರು ದೇಚಮ್ಮ.
ಶುಗರ್ ಆಗುತ್ತದೆ, ಎಲ್ಲ ಅಕ್ಷರವೂ ಇದೆ.
"ನಮ್ಮ ಯಜಮಾನರಿಗಿರುವುದು ಸಾಲದೇ?"
ಟ್ರಯಲ್ ಎಂದು ಜೋಡಿಸಿದಳು. ಎದುರಿಗೇ ಕೋರ್ಟು.
ರೇಡಿಯೋ ಚಂದವಿತ್ತು, ಮೂವರೂ ಸ್ವಲ್ಪ ಹೊತ್ತು ನೋಡಿದೆವು,
ರಿಪೇರಿಗೆ ತರುವವರನ್ನು ನೆನೆದು ಅವಳೇ ಕೆಡಿಸಿದಳು.
ರೋಸ್ಟ್ ಸಿಕ್ಕಾಗ ನಾನು ಮೊಳೆ ಎಣಿಸತೊಡಗಿದ್ದೆ.
ಹುರಿದದ್ದು ಅಂತಲೇ ಅರ್ಥ, ಇನ್ನೇನು ಬೇಕು!
"ಈ ಪೇಟೆಯಲ್ಲಿ ರೋಸ್ಟ್ ಅಂದರೆ
ಹಂದಿಯಾ ಅಂತ ಕೇಳುತ್ತಾರೆ ಮಾರಾಯ,
ಕಾಫಿ ಅಂದರೆ ಮುಖ ಸಣ್ಣ ಮಾಡುತ್ತಾರೆ."

"ಹಾಗಾದರೆ ಕೂರ್ಗ್," ಅಂದೆ, ಜ್ಯೋತಿಷಿಯನ್ನು ಮರೆತು.
ಓ ಇದೆ, ಇನ್ನೊಂದು ಓ, ಆರ್, ಜಿ. ಸಿ ಇಲ್ಲ.
ಜಿಯ ನಾಲಗೆ ಕತ್ತರಿಸಿದರೆ ಸಿ ಆಗುತ್ತದೆ,
ಆಗ ಜಿ ಇರುವುದಿಲ್ಲ.
ಸುಹರಾ ಜಿ ತೆಗೆದು ಕೊನೆಗೆ ಯು ಇಟ್ಟಳು.
ಓ, ಓ, ಆರ್, ಯು.
ಊರು.
ಯಾರೂ ಮಾತಾಡಲಿಲ್ಲ. ನಾಲ್ಕೇ ಅಕ್ಷರ. ಎ ಇಲ್ಲ.

ಆಗ ದೇಚಮ್ಮ ಕೇಳಿದರು,
"ಇವೆಲ್ಲ ಮೊದಲು ಏನಾಗಿದ್ದವು?"

ಸಾಲಾಗಿ ಇಡುತ್ತಾ ಹೋದೆ. ಆರು ಇಡುವಷ್ಟರಲ್ಲಿ
ಅವರ ಕೈ ತಾನಾಗಿ ಗಲ್ಲಕ್ಕೆ ಹೋಯಿತು.
ಮಸ್ಕರೇನ್ಹಸ್ ಫೋಟೋ ತೆಗೆಯುತ್ತಿದ್ದ,
ಗ್ಲೋರಿಯಾ ಬಾಯಿ ಗಲ್ಲ ಎತ್ತಿ ಹಿಡಿಯುತ್ತಿದ್ದಳು,
ಎರಡೇ ಬೆರಳು, ಪೌಡರಿನ ಪರಿಮಳ,
"ಉಸಿರು ಬಿಡು ಮಗಾ, ಆಮೇಲೆ ನೋಡು."
"ಒಮ್ಮೆ ಹತ್ತನೇ ಕ್ಲಾಸಿನ ಹಾಲ್ ಟಿಕೆಟ್ಟಿಗೆ,
ಒಮ್ಮೆ ಗಂಡಿನ ಮನೆಗೆ ಕಳಿಸಲಿಕ್ಕೆ.
ಎರಡರಲ್ಲೂ ಕಣ್ಣು ಮುಚ್ಚಿದ್ದೆ. ಎರಡೂ ಪಾಸಾಯಿತು."

ಆರಕ್ಷರ. ಐದಡಿ ಹಲಗೆ.
ಅಳತೆ ಪಟ್ಟಿ ಎರಡು ಸಲ ಎಳೆದೆ:
ಐ ಎಂಬುದು ಬರೀ ಕೋಲು, ಜಾಗ ಕೇಳುವುದಿಲ್ಲ,
ಜ್ಯೋತಿಷಿಯ ಆರ್‌ಗೂ ಎಗೂ ನಡುವೆ
ತೆಳ್ಳಗೆ ನಿಂತುಕೊಳ್ಳುತ್ತದೆ.
ಐದರ ಬಿಲ್ಲೇ ಬರೆದೆ. ಕೋಲಿಗೆಂಥ ದುಡ್ಡು.

ಈಗಲೂ ವಾರಕ್ಕೊಬ್ಬರಾದರೂ ಬರುತ್ತಾರಂತೆ,
ಪಾಸ್‌ಪೋರ್ಟ್ ಸೈಜು ಎಷ್ಟು ಅಂತ ಕೇಳಿಕೊಂಡು,
ಕಾಲು ಕಿಲೋ ಪುಡಿ ಕಟ್ಟಿಸಿಕೊಂಡು ಹೋಗುತ್ತಾರಂತೆ.
ಗೋಣಿಯಲ್ಲಿ ಉಳಿದದ್ದು ಆರು.
ನಾಲ್ಕಕ್ಷರದಲ್ಲಿ ಸೂಟ್ ಆಗುತ್ತದೆ ಅನ್ನುತ್ತಾಳೆ ಸುಹರಾ,
ಐ ತೆಗೆದು ಡಿ ತಂದರೆ ಡಸ್ಟ್.
ಟೈಲರು ಯಾರಾದರೂ ಇದ್ದರೆ ಹೇಳಿ.
ಆ ಗೂಡಿನ ಓ ಮಾತ್ರ ಕೊಡಲಿಕ್ಕಾಗುವುದಿಲ್ಲ,
ಎರಡು ದಿನದಿಂದ ಒಳಗೆ ಏನೋ ಕೆರೆಯುತ್ತಿದೆ.